'ನೆಟ್ ಇಲ್ಲ' ಅಂದ್ರೆ ಏನು? ಮಲೆನಾಡಿನ ಮೂರು ಸಣ್ಣ ಕಾಲೇಜುಗಳ ಲ್ಯಾಬ್ ಪ್ರಕರಣ

2023ರ ಏಪ್ರಿಲ್ ಕೊನೆಯ ವಾರ. ಮಧ್ಯಾಹ್ನ ಮೂರೂವರೆಗೆಲ್ಲ ಮೋಡ ಕಟ್ಟಿತು. ಮಲೆನಾಡಿನವರಿಗೆ ಈ ಅಡ್ಡಮಳೆ ಗೊತ್ತು. ನೀರು ಕಮ್ಮಿ, ಗುಡುಗು ಸಿಡಿಲು ಜಾಸ್ತಿ. ನಾನು ಕ್ಲಾಸ್ ಮುಗಿಸಿ ಸ್ಟಾಫ್ ರೂಮಿಗೆ ಬರುವಷ್ಟರಲ್ಲಿ ಆಫೀಸಿನ ಹಿಂದಿನ ತೆಂಗಿನ ಮರಕ್ಕೆ ಸಿಡಿಲು ಬಡಿಯಿತು. ಕರೆಂಟ್ ಹೋಯಿತು. ಯಾರಿಗೂ ಏನೂ ಆಗಲಿಲ್ಲವಲ್ಲ ಎಂದು ಸಮಾಧಾನ ಮಾಡಿಕೊಂಡು ಎಲ್ಲರೂ ಮನೆಗೆ ಹೊರಟೆವು.

ಮರುದಿನ ಬೆಳಿಗ್ಗೆ ಲ್ಯಾಬಿನ ಬಾಗಿಲು ತೆಗೆದಾಗ ಲೆಕ್ಕ ಸಿಕ್ಕಿತು. ಇದ್ದ 26 ಸಿಸ್ಟಮ್‌ಗಳಲ್ಲಿ ಎರಡು ಆನ್ ಆಗಲೇ ಇಲ್ಲ. ಹನ್ನೊಂದು ಆನ್ ಆದವು, ಆದರೆ ನೆಟ್‌ವರ್ಕಿಗೆ ಸೇರಲಿಲ್ಲ. ಎಲ್ಲ ಸಿಸ್ಟಮ್‌ಗಳ ಕೇಬಲ್ ಬಂದು ಸೇರುವ ನೆಟ್‌ವರ್ಕ್ ಸ್ವಿಚ್‌ನಲ್ಲಿ ಒಂದು ದೀಪವೂ ಉರಿಯುತ್ತಿಲ್ಲ. ಪ್ರಾಕ್ಟಿಕಲ್ ಪರೀಕ್ಷೆಗೆ ಇನ್ನು ಆರೇ ದಿನ. ಮಕ್ಕಳ ಪ್ರೋಗ್ರಾಂ ಪ್ರಿಂಟ್ ಆಗಬೇಕಾದರೂ, ಡೇಟಾಬೇಸ್ ಸರ್ವರ್‌ಗೆ ಸೇರಬೇಕಾದರೂ ನೆಟ್‌ವರ್ಕ್ ಬೇಕು.

ವಾರ್ಷಿಕ ನಿರ್ವಹಣೆಗೆ ಹಣ ಕಟ್ಟಿದ್ದೆವು. ಸರ್ವಿಸ್‌ನವರು ಎರಡು ದಿನ ಬಿಟ್ಟು ಬಂದರು. ನಾಲ್ಕು ಸಿಸ್ಟಮ್ ಬಿಚ್ಚಿ ನೋಡಿ, "ಮದರ್‌ಬೋರ್ಡ್ ಹೋಗಿದೆ ಸರ್, ಎಲ್ಲ ಚೇಂಜ್ ಮಾಡ್ಬೇಕು. ಸಿಡಿಲಿನದ್ದು ಎಎಂಸಿಯಲ್ಲಿ ಬರಲ್ಲ" ಎಂದರು. ಒಂದೊಂದಕ್ಕೆ ಐದಾರು ಸಾವಿರ. ಹನ್ನೊಂದಕ್ಕೆ ಎಷ್ಟಾಯಿತು, ನೀವೇ ಗುಣಿಸಿಕೊಳ್ಳಿ. ಪ್ರಿನ್ಸಿಪಾಲರು ಕೊಟೇಷನ್ ಕಾಗದವನ್ನು ಎರಡು ಸಲ ಓದಿ ಮಡಚಿ ಡ್ರಾಯರ್‌ಗೆ ಹಾಕಿದರು. ಅದರ ಅರ್ಥ ನಮಗೆಲ್ಲ ಗೊತ್ತು.

ಎಕ್ಸ್‌ಟರ್ನಲ್, ಅಂದರೆ ಹೊರಗಿನ ಪರೀಕ್ಷಕರಾಗಿ ಬರಬೇಕಿದ್ದವರು ಪಕ್ಕದ ತಾಲ್ಲೂಕಿನ ಸರ್ಕಾರಿ ಪದವಿ ಕಾಲೇಜಿನವರು. ಲ್ಯಾಬ್ ರೆಡಿ ಇಲ್ಲ, ದಿನಾಂಕ ಮುಂದೆ ಹಾಕಬಹುದಾ ಅಂತ ಕೇಳಲು ಫೋನ್ ಮಾಡಿದೆ. ಅವರು ನಕ್ಕರು. "ನಮ್ಮಲ್ಲೂ ಹೋದ ವರ್ಷ ಹೀಗೇ ಆಗಿತ್ತು. ಮಹಿಳಾ ಕಾಲೇಜಿನಲ್ಲಿ ಒಬ್ಬರು ಲ್ಯಾಬ್ ಅಸಿಸ್ಟೆಂಟ್ ಮೇಡಂ ಇದ್ದಾರೆ. ಅವರನ್ನು ಒಂದು ಸಲ ಕರೆಸಿ ನೋಡಿ" ಎಂದರು.

ಆ ಮೇಡಂ ಬಸ್ಸಿನಲ್ಲಿ ಬಂದರು. ಕೈಯಲ್ಲಿ ಹಳೆಯ ಟಿಫಿನ್ ಬ್ಯಾಗು, ಅದರೊಳಗೆ ಸ್ಕ್ರೂಡ್ರೈವರ್ ಮತ್ತು ಎರಡು ಲ್ಯಾನ್ ಕಾರ್ಡ್, ಅಂದರೆ ಸಿಸ್ಟಮ್‌ಗೆ ನೆಟ್‌ವರ್ಕ್ ಕೇಬಲ್ ಸೇರಿಸುವ ಸಣ್ಣ ಬೋರ್ಡ್. ಒಂದು ಸಿಸ್ಟಮ್ ಬಿಚ್ಚಿ ಖಾಲಿ ಸ್ಲಾಟ್‌ಗೆ ಕಾರ್ಡ್ ಸಿಕ್ಕಿಸಿ, ಕೇಬಲ್ಲನ್ನು ಅದಕ್ಕೆ ಚುಚ್ಚಿದರು. ದೀಪ ಮಿನುಗಿತು. "ಬೋರ್ಡ್ ಸತ್ತಿಲ್ಲ ಸರ್. ಅದರ ಒಂದು ಕಿವಿ ಕೆಪ್ಪಾಗಿದೆ ಅಷ್ಟೆ" ಎಂದರು. ಕಾರ್ಡ್ ಒಂದಕ್ಕೆ ಐನೂರು ಆರುನೂರು ರೂಪಾಯಿ. ಶಿವಮೊಗ್ಗದಿಂದ ಇನ್ನೂ ಒಂಬತ್ತು ಕಾರ್ಡು ಮತ್ತು ಒಂದು ಸ್ವಿಚ್ ತರಿಸಿದೆವು. ಪರೀಕ್ಷೆ ಹೇಳಿದ ದಿನವೇ ನಡೆಯಿತು.

ಆಮೇಲೆ ನನ್ನ ತಲೆಯಲ್ಲಿ ಉಳಿದದ್ದು ಕಾರ್ಡ್‌ನ ವಿಷಯವಲ್ಲ. ಈ ಪರಿಹಾರ ಒಂದು ವರ್ಷದಿಂದ ಮೂವತ್ತು ಕಿಲೋಮೀಟರ್ ದೂರದಲ್ಲೇ ಇತ್ತು, ನಮಗೆ ಗೊತ್ತಿರಲಿಲ್ಲ.

ಇದ್ದದ್ದು ಹೀಗೆ

ಮೂರು ಕಾಲೇಜುಗಳ ಹೆಸರು ಇಲ್ಲಿ ಬೇಡ. ನಮ್ಮದು ಅನುದಾನಿತ ಕಾಲೇಜು. ಮಕ್ಕಳು ನಾನೂರರ ಆಸುಪಾಸು. ಎರಡನೆಯದು ಸರ್ಕಾರಿ ಕಾಲೇಜು. ಅಲ್ಲಿ ಸಿಸ್ಟಮ್ ನಮಗಿಂತ ಜಾಸ್ತಿ, ಅವೂ ಹೊಸವು. ಆದರೆ ಲ್ಯಾಬ್ ನೋಡಿಕೊಳ್ಳುವವರೆಲ್ಲ ಅತಿಥಿ ಉಪನ್ಯಾಸಕರು. ವರ್ಷ ವರ್ಷ ಮುಖ ಬದಲು. ಮೂರನೆಯದು ಟ್ರಸ್ಟ್ ನಡೆಸುವ ಮಹಿಳಾ ಕಾಲೇಜು. ಹಳೆಯ ಹದಿನೈದು ಸಿಸ್ಟಮ್, ಆದರೆ ಕೈ ತಿಳಿದ ಆ ಮೇಡಂ ಅಲ್ಲಿದ್ದರು. ಒಬ್ಬರ ಹತ್ತಿರ ಯಂತ್ರ, ಒಬ್ಬರ ಹತ್ತಿರ ಕೈ. ನಮ್ಮ ಹತ್ತಿರ ಏನಿತ್ತು ಅಂದರೆ, ಸ್ವಲ್ಪ ಪುರುಸೊತ್ತು ಮತ್ತು ಬರೆಯುವ ಚಟ.

ಹೊಸ ಶಿಕ್ಷಣ ನೀತಿ ರಾಜ್ಯದಲ್ಲಿ 2021-22ರಲ್ಲಿ ಜಾರಿಗೆ ಬಂದಾಗ 'ಡಿಜಿಟಲ್ ಫ್ಲೂಯೆನ್ಸಿ' ಎಂಬ ಪತ್ರಿಕೆ ಬಂತು. ಅಲ್ಲಿಯವರೆಗೆ ಲ್ಯಾಬಿನ ಬಾಗಿಲು ನೋಡದಿದ್ದ ಬಿಎ ಮಕ್ಕಳೂ ಒಳಗೆ ಬಂದರು. ಒಳ್ಳೆಯದೇ. ಆದರೆ ಕೀಬೋರ್ಡು, ಮೌಸು, ಕುರ್ಚಿ ಎಲ್ಲದರ ಸವಕಳಿ ಹೆಚ್ಚಾಯಿತು. 2024ರಲ್ಲಿ ಸರ್ಕಾರ ಮತ್ತೆ ಮೂರು ವರ್ಷದ ಪದವಿಗೆ ಮರಳಿತು, ಪಠ್ಯ ಬದಲಾಯಿತು. ಲ್ಯಾಬಿಗೆ ಬರುವ ಮಕ್ಕಳು ಮಾತ್ರ ಕಮ್ಮಿಯಾಗಲಿಲ್ಲ.

ಇಷ್ಟಾದರೂ ಲ್ಯಾಬಿನ ರಿಪೇರಿ ಯಾರ ಕೆಲಸ ಅಂತ ಯಾವ ಆದೇಶದಲ್ಲೂ ಸರಿಯಾಗಿ ಬರೆದಿರುವುದಿಲ್ಲ. ಕಂಪ್ಯೂಟರ್ ಸೈನ್ಸ್ ಮೇಷ್ಟ್ರು ಅಂದ ಮೇಲೆ ಪ್ರೊಜೆಕ್ಟರ್, ಸಿಸಿಟಿವಿ, ಆಫೀಸಿನ ಪ್ರಿಂಟರ್, ಪ್ರಿನ್ಸಿಪಾಲರ ಮಗಳ ಲ್ಯಾಪ್‌ಟಾಪ್, ಎಲ್ಲವೂ ಅವರದ್ದೇ. ಓದುವ ಮೇಷ್ಟ್ರುಗಳು ಈಗ ತಲೆಯಾಡಿಸುತ್ತಿರುತ್ತಾರೆ ಅಂತ ಗೊತ್ತು.

ಸಿಡಿಲು ಒಳಗೆ ಬಂದದ್ದು ಹೇಗೆ

ಮೇ ತಿಂಗಳಲ್ಲಿ ಮೂರೂ ಕಾಲೇಜಿನವರು ನಮ್ಮ ಲ್ಯಾಬಿನಲ್ಲಿ ಸೇರಿ ಮೊದಲು ಮಾಡಿದ ಕೆಲಸ ಇದನ್ನು ಹುಡುಕಿದ್ದು. ಸಿಡಿಲು ಲ್ಯಾಬಿಗೆ ಬಡಿದಿರಲಿಲ್ಲ. ಮರಕ್ಕೆ ಬಡಿದಿತ್ತು. ಮತ್ತೆ ಹನ್ನೊಂದು ಸಿಸ್ಟಮ್‌ಗಳ ಲ್ಯಾನ್ ಪೋರ್ಟ್, ಅಂದರೆ ನೆಟ್‌ವರ್ಕ್ ಕೇಬಲ್ ಚುಚ್ಚುವ ಜಾಗ ಮಾತ್ರ ಸುಟ್ಟದ್ದು ಯಾಕೆ?

ಉತ್ತರ ಛಾವಣಿಯ ಮೇಲಿತ್ತು. ಆಫೀಸ್ ಕಟ್ಟಡದಿಂದ ಲ್ಯಾಬ್ ಕಟ್ಟಡಕ್ಕೆ ಹೆಂಚಿನ ಮೇಲೆ ಹಾದು ಬಂದ ತಾಮ್ರದ ಲ್ಯಾನ್ ಕೇಬಲ್. ಯಾವತ್ತೋ ಯಾರೋ ಅವಸರಕ್ಕೆ ಎಳೆದದ್ದು. ಹತ್ತಿರ ಸಿಡಿಲು ಬಿದ್ದಾಗ ಬಯಲಲ್ಲಿರುವ ಉದ್ದನೆಯ ತಾಮ್ರದ ತಂತಿಯಲ್ಲಿ ಒಂದು ಕ್ಷಣ ದೊಡ್ಡ ವೋಲ್ಟೇಜ್ ಏಳುತ್ತದೆ. ಅದು ಸ್ವಿಚ್‌ಗೆ ನುಗ್ಗಿ, ಅಲ್ಲಿಂದ ಒಂದೊಂದೇ ಕೇಬಲ್ ಹಿಡಿದು ಸಿಸ್ಟಮ್‌ಗಳಿಗೆ ಹೋಗಿತ್ತು. ನಾವು ಯುಪಿಎಸ್‌ಗೆ, ಸ್ಟೆಬಿಲೈಜರ್‌ಗೆ ಹಣ ಸುರಿದು ಮುಂಬಾಗಿಲು ಭದ್ರ ಮಾಡಿದ್ದೆವು. ಅದು ಹಿತ್ತಲ ಬಾಗಿಲಿನಿಂದ ಬಂತು.

ಆ ತಂತಿಯ ಜಾಗಕ್ಕೆ ಫೈಬರ್ ಎಳೆಸಿದೆವು. ಎರಡು ತುದಿಗೂ ಒಂದೊಂದು ಮೀಡಿಯಾ ಕನ್ವರ್ಟರ್, ತಂತಿಯ ಸಂಕೇತವನ್ನು ಬೆಳಕಿಗೆ, ಬೆಳಕನ್ನು ಮತ್ತೆ ತಂತಿಯ ಸಂಕೇತಕ್ಕೆ ಬದಲಾಯಿಸುವ ಡಬ್ಬಿ. ಗಾಜಿನ ಎಳೆಯಲ್ಲಿ ಬೆಳಕು ಹೋಗುತ್ತದೆ, ಕರೆಂಟ್ ಹೋಗುವುದಿಲ್ಲ. ಫೈಬರ್ ಕೇಬಲ್‌ನಲ್ಲೂ ಲೋಹದ ಕವಚ ಇರುವ ಬಗೆ ಇದೆ. ಅಂಗಡಿಯವರು ಗಟ್ಟಿಮುಟ್ಟು ಅಂತ ಅದನ್ನೇ ಕೊಡುತ್ತಾರೆ. ನಮ್ಮಂಥ ಕೆಲಸಕ್ಕೆ ಲೋಹ ಇಲ್ಲದ್ದನ್ನೇ ಕೇಳಿ ತರಬೇಕು. ಇಲ್ಲದಿದ್ದರೆ ಫೈಬರ್ ಹಾಕಿಯೂ ತಂತಿ ಹಾಕಿದ ಹಾಗೇ.

ಅರ್ಥಿಂಗ್ ನೋಡಿಕೊಟ್ಟವರು ಸರ್ಕಾರಿ ಕಾಲೇಜಿನ ಫಿಸಿಕ್ಸ್ ಮೇಷ್ಟ್ರು. ಮಲ್ಟಿಮೀಟರ್ ಹಿಡಿದು ನ್ಯೂಟ್ರಲ್‌ಗೂ ಅರ್ಥ್‌ಗೂ ನಡುವೆ ಅಳೆದರು. ಎರಡು ಮೂರು ವೋಲ್ಟ್‌ನೊಳಗೆ ಇರಬೇಕಾದ್ದು ನಮ್ಮಲ್ಲಿ 19 ಇತ್ತು. ಅರ್ಥಿಂಗ್ ಗುಂಡಿಗೆ ಇದ್ದಿಲು, ಉಪ್ಪು ಹಾಕಿ ಎಷ್ಟು ವರ್ಷ ಆಗಿತ್ತೋ. ಬೇಸಿಗೆಯಲ್ಲಿ ಜಂಬಿಟ್ಟಿಗೆ ನೆಲ ಕಲ್ಲಿನ ಹಾಗೆ ಒಣಗಿರುತ್ತದೆ. ಗುಂಡಿ ಹೊಸದಾಗಿ ತುಂಬಿಸಿದೆವು. ಮಾರ್ಚ್‌ನಿಂದ ಮೇವರೆಗೆ ವಾರಕ್ಕೊಮ್ಮೆ ಎರಡು ಕೊಡ ನೀರು ಹಾಕುವುದು ನಮ್ಮ ಅಟೆಂಡರ್ ಕೆಲಸ. ಗುಂಡಿಯ ಪಕ್ಕ ಒಂದು ದಾಸವಾಳ ನೆಟ್ಟರು ಅವರು. ಗಿಡ ಬಾಡಿದ್ದು ಕಂಡರೆ ನೀರು ಹಾಕಿಲ್ಲ ಅಂತ ಅರ್ಥ. ಇದಕ್ಕಿಂತ ಒಳ್ಳೆಯ ಮಾನಿಟರಿಂಗ್ ವ್ಯವಸ್ಥೆ ನಾನು ಕಂಡಿಲ್ಲ.

ಜೊತೆಗೆ ಒಂದು ನಿಯಮ ಮಾಡಿದೆವು. ಸಂಜೆ ಲ್ಯಾಬ್ ಮುಚ್ಚುವಾಗ ಮೇನ್ ಆಫ್. ಮೂರೂ ಕಾಲೇಜಿನಲ್ಲಿ. ಈ ನಿಯಮ ಮುಂದೆ ನಮ್ಮನ್ನೇ ಕಚ್ಚಿತು. ಅದಕ್ಕೆ ಬರುತ್ತೇನೆ.

ವಾಟ್ಸ್‌ಆಪ್ ಗುಂಪು, ಆಮೇಲೆ ರಿಜಿಸ್ಟರ್

ಮೊದಲು ಎಲ್ಲರೂ ಮಾಡುವುದನ್ನೇ ನಾವೂ ಮಾಡಿದೆವು. ಒಂದು ವಾಟ್ಸ್‌ಆಪ್ ಗುಂಪು. ಎರಡು ತಿಂಗಳಲ್ಲಿ ಅದು ಗುಡ್ ಮಾರ್ನಿಂಗ್ ಹೂವು, ಹುಟ್ಟುಹಬ್ಬ, ವರ್ಗಾವಣೆ ಸುದ್ದಿಗಳಿಂದ ತುಂಬಿತು. ನಡುವೆ ಎಲ್ಲೋ "ಸಿಸ್ಟಮ್ ಹೋಯ್ತು" ಅಂತ ಒಂದು ಸಾಲು. ಯಾವ ಸಿಸ್ಟಮ್? ಏನಾಯಿತು? ಸರಿಹೋಯಿತಾ? ಯಾರಿಗೂ ಗೊತ್ತಿಲ್ಲ.

ಹಾಗಾಗಿ ಹಳೇ ಪದ್ಧತಿಗೆ ಹೋದೆವು. ಲ್ಯಾಬಿನ ಬಾಗಿಲ ಪಕ್ಕ ಒಂದು ಉದ್ದ ರಿಜಿಸ್ಟರ್, ದಾರ ಕಟ್ಟಿದ ಪೆನ್ನು. ದಿನಾಂಕ, ಸಿಸ್ಟಮ್ ನಂಬರ್, ಕಂಡದ್ದೇನು, ಮಾಡಿದ್ದೇನು, ಯಾರು ಮಾಡಿದ್ದು. ಶನಿವಾರ ಆ ಪುಟಗಳನ್ನು ಒಂದು ಗೂಗಲ್ ಶೀಟ್‌ಗೆ ಏರಿಸುವುದು. ಮೂರೂ ಕಾಲೇಜಿಗೆ ಒಂದೇ ಶೀಟ್.

'ಕಂಡದ್ದೇನು' ಎಂಬ ಅಂಕಣಕ್ಕಾಗಿ ನಾವು ಜಗಳ ಆಡಿದ್ದೇವೆ. ಮೊದಮೊದಲು ಎಲ್ಲರೂ ಬರೆದದ್ದು "ನೆಟ್ ಇಲ್ಲ", "ವೈರಸ್", "ಸಿಸ್ಟಮ್ ಸ್ಲೋ". ಇವು ಕಂಡದ್ದಲ್ಲ, ಅಂದುಕೊಂಡದ್ದು. ಮೇಡಂ ಅಂಕಣದ ಮೇಲೆ ಕೆಂಪು ಶಾಯಿಯಲ್ಲಿ ಬರೆದರು: "ಕಣ್ಣಿಗೆ ಕಂಡದ್ದು, ಕಿವಿಗೆ ಕೇಳಿದ್ದು ಮಾತ್ರ." ಅಂದರೆ "ಆನ್ ಮಾಡಿದರೆ ಮೂರು ಸಲ ಬೀಪ್ ಬರುತ್ತದೆ, ಪರದೆ ಕಪ್ಪು" ಅಂತ ಬರೆಯಬೇಕು. ಅಷ್ಟು ಓದಿದರೆ ಸಾಕು, ಹೆಚ್ಚಾಗಿ ರ್‍ಯಾಮ್ (ಮೆಮೊರಿ ಪಟ್ಟಿ) ತೆಗೆದು ಅದರ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರ್‌ನಿಂದ ಉಜ್ಜಿ ಹಾಕಿ ಅಂತ ಫೋನಿನಲ್ಲೇ ಹೇಳಬಹುದು. ಮಲೆನಾಡಿನ ಮಳೆಗಾಲದಲ್ಲಿ ತೇವಕ್ಕೆ ಆ ಅಂಚು ಮಂಕಾಗುವುದು ಮಾಮೂಲು.

'ನೆಟ್ ಇಲ್ಲ' ಎಂಬ ಎರಡು ಪದಗಳ ಹಿಂದೆ ಏನೇನಿತ್ತು ಅಂತ ವರ್ಷದ ಕೊನೆಗೆ ಕೂತು ನೋಡಿದೆವು. ಇಲಿ ಕಡಿದ ಕೇಬಲ್. ಕ್ಲಿಪ್ ಮುರಿದು ಸಡಿಲಾದ ಕನೆಕ್ಟರ್. ಲ್ಯಾಬ್ ಗುಡಿಸುವಾಗ ಕೆಳಗೆ ಬಿದ್ದ ಕೇಬಲ್ ತುದಿಯನ್ನು ಯಾರೋ ಪಾಪ ಒಳ್ಳೆಯ ಮನಸ್ಸಿನಿಂದ ಸ್ವಿಚ್‌ನ ಖಾಲಿ ತೂತಿಗೆ ಸಿಕ್ಕಿಸಿದ್ದರು. ಅದರ ಇನ್ನೊಂದು ತುದಿಯೂ ಅದೇ ಸ್ವಿಚ್‌ನಲ್ಲಿತ್ತು. ಒಂದೇ ಕೇಬಲ್‌ನ ಎರಡೂ ತುದಿ ಒಂದೇ ಸಾದಾ ಸ್ವಿಚ್‌ಗೆ ಸೇರಿದರೆ ಸಂದೇಶಗಳು ಗಾಣದೆತ್ತಿನ ಹಾಗೆ ಸುತ್ತಲು ಶುರುಮಾಡುತ್ತವೆ, ಇಡೀ ಲ್ಯಾಬ್ ನಿಂತುಹೋಗುತ್ತದೆ. ಸ್ವಿಚ್‌ನ ಎಲ್ಲ ದೀಪಗಳೂ ಒಟ್ಟಿಗೆ ಹುಚ್ಚು ಹಿಡಿದ ಹಾಗೆ ಮಿನುಗುತ್ತಿದ್ದರೆ ಮೊದಲು ಇದನ್ನೇ ನೋಡಿ. ಸರ್ಕಾರಿ ಕಾಲೇಜಿನಲ್ಲಿ ಇದರಿಂದ ಎರಡು ದಿನ ಹೋಗಿತ್ತು. ಆರು ತಿಂಗಳ ನಂತರ ನಮ್ಮಲ್ಲಿ ಅದೇ ಆದಾಗ ಹೋದದ್ದು ಹತ್ತು ನಿಮಿಷ.

ಅದೇ ಹದಿನೈದು ದಿನ, ಅದೇ ತೊಂದರೆ

2024ರ ಮಳೆಗಾಲ ಕಳೆದ ಮೇಲೆ ಪರೀಕ್ಷಾ ಅರ್ಜಿ ತುಂಬುವ ಸಮಯ. ಮಕ್ಕಳು ಲ್ಯಾಬಿಗೆ ಬಂದು ಪೋರ್ಟಲ್ ತೆರೆಯುತ್ತಾರೆ. ತೆರೆಯುವುದಿಲ್ಲ. ಎಲ್ಲರೂ ಪೋರ್ಟಲ್‌ಗೆ ಬೈದರು. ಬೈಯುವುದು ಸುಲಭ, ಅಲ್ವಾ? ನಾನೂ ಬೈದೆ.

ಶನಿವಾರ ಶೀಟ್ ತುಂಬುವಾಗ ಕಂಡದ್ದು ಇದು. ನಮ್ಮಲ್ಲಿ ಐದು ಸಿಸ್ಟಮ್‌ಗಳ ಮುಂದೆ "ಪೋರ್ಟಲ್ ತೆರೆಯುತ್ತಿಲ್ಲ, ಪಕ್ಕದ ಸಿಸ್ಟಮ್‌ನಲ್ಲಿ ತೆರೆಯುತ್ತದೆ". ಸರ್ಕಾರಿ ಕಾಲೇಜಿನಲ್ಲಿ ಮೂರರ ಮುಂದೆ "ಗೂಗಲ್ ಕೂಡ ತೆರೆಯುತ್ತಿಲ್ಲ, ಕೆಂಪು ಎಚ್ಚರಿಕೆ ಬರುತ್ತದೆ". ಮಹಿಳಾ ಕಾಲೇಜಿನಲ್ಲಿ ಒಬ್ಬ ವಿದ್ಯಾರ್ಥಿನಿ ಬರೆದದ್ದು: "ಕೆಂಪು ಎಚ್ಚರಿಕೆ. ಕೆಳಗೆ ಬಲಗಡೆ ಮೂಲೆಯಲ್ಲಿ ವರ್ಷ 2016 ಅಂತ ಇದೆ."

ಆ ಹುಡುಗಿ ಕಂಡದ್ದನ್ನು ಕಂಡ ಹಾಗೆ ಬರೆದಿದ್ದಳು. ಅಷ್ಟೇ ಸಾಕಾಯಿತು. ಪ್ರತಿ ವೆಬ್‌ಸೈಟ್ ತನ್ನ ಗುರುತಿಗೆ ಒಂದು ಪ್ರಮಾಣಪತ್ರ ತೋರಿಸುತ್ತದೆ. ಅದರ ಮೇಲೆ ಇಂಥ ದಿನದಿಂದ ಇಂಥ ದಿನದವರೆಗೆ ಅಂತ ಇರುತ್ತದೆ. ಸಿಸ್ಟಮ್ ತಾನು 2016ರಲ್ಲಿ ಇದ್ದೇನೆ ಅಂದುಕೊಂಡಿದ್ದರೆ, 2024ರ ಪತ್ರ ಇನ್ನೂ ಹುಟ್ಟೇ ಇಲ್ಲ. ಒಳಗೆ ಬಿಡುವುದಿಲ್ಲ. ನೆಟ್ ಚೆನ್ನಾಗಿಯೇ ಇರುತ್ತದೆ.

ಗಡಿಯಾರ ಹಿಂದೆ ಹೋದದ್ದು ಯಾಕೆ? ಮದರ್‌ಬೋರ್ಡ್ ಮೇಲೆ ನಾಣ್ಯದಂಥ ಒಂದು ಬ್ಯಾಟರಿ ಇರುತ್ತದೆ. ಸಿಆರ್2032, ಮೂರು ವೋಲ್ಟಿನದ್ದು. ಸಿಸ್ಟಮ್ ಆಫ್ ಇದ್ದಾಗ ಗಡಿಯಾರ ನಡೆಸುವುದು ಅದು. ಆದರೆ ಪ್ಲಗ್‌ನಲ್ಲಿ ಕರೆಂಟ್ ಇರುವಷ್ಟು ಹೊತ್ತು, ಸಿಸ್ಟಮ್ ಆಫ್ ಇದ್ದರೂ, ಅದರ ಪವರ್ ಸಪ್ಲೈ ಡಬ್ಬಿಯಾದ ಎಸ್‌ಎಂಪಿಎಸ್‌ನಿಂದ ಸ್ವಲ್ಪ ವಿದ್ಯುತ್ ಬೋರ್ಡಿಗೆ ಬರುತ್ತಲೇ ಇರುತ್ತದೆ, ಗಡಿಯಾರ ಅದರಲ್ಲೇ ನಡೆಯುತ್ತದೆ, ಬ್ಯಾಟರಿ ಉಳಿಯುತ್ತದೆ. ನಾವೇನು ಮಾಡಿದ್ದೆವು? ಸಿಡಿಲಿಗೆ ಹೆದರಿ ದಿನಾ ಸಂಜೆ ಮೇನ್ ಆಫ್. ರಾತ್ರಿಯಿಡೀ, ಭಾನುವಾರವಿಡೀ, ರಜೆಯಿಡೀ ಭಾರವೆಲ್ಲ ಆ ನಾಣ್ಯದ ಮೇಲೆ. ಹಳೆಯ ಬ್ಯಾಟರಿಗಳು ಸುಮಾರು ಒಂದೇ ಹೊತ್ತಿಗೆ ಕೈಕೊಟ್ಟವು.

ಒಂದು ಕಾಲೇಜಿನ ರಿಜಿಸ್ಟರ್ ಮಾತ್ರ ನೋಡಿದ್ದರೆ ಇದು ಗೊತ್ತಾಗುತ್ತಿರಲಿಲ್ಲ. ಐದು ಸಿಸ್ಟಮ್ ಕೆಟ್ಟಿವೆ ಅಂತ ಫಾರ್ಮ್ಯಾಟ್ ಹೊಡೆಯುತ್ತಿದ್ದೆವು. ಫಾರ್ಮ್ಯಾಟ್ ಆದ ಮೇಲೆ ಗಡಿಯಾರ ಸರಿಮಾಡುತ್ತೇವೆ, ಎಲ್ಲ ಸರಿಹೋದ ಹಾಗೆ ಕಾಣುತ್ತದೆ, ಸೋಮವಾರ ಮತ್ತೆ ಅದೇ. ಮೂರೂ ಕಡೆ ಒಟ್ಟಿಗೆ ಕಂಡದ್ದರಿಂದ, ಮೂರೂ ಕಡೆ ನಾವು ಒಟ್ಟಿಗೆ ಏನು ಬದಲಾಯಿಸಿದೆವು ಎಂಬ ಪ್ರಶ್ನೆ ಬಂತು.

ಇಪ್ಪತ್ತು ಮೂವತ್ತು ರೂಪಾಯಿಯ ಬ್ಯಾಟರಿ. ಮೂರೂ ಕಾಲೇಜಿಗೆ ಒಟ್ಟಿಗೆ ತರಿಸಿ ಒಂದೇ ವಾರದಲ್ಲಿ ಬದಲಾಯಿಸಿದೆವು. ಮೇನ್ ಆಫ್ ಮಾಡುವ ನಿಯಮವನ್ನು ಮಾರ್ಚ್‌ನಿಂದ ಜೂನ್‌ವರೆಗೆ ಮತ್ತು ದೀರ್ಘ ರಜೆಗೆ ಮಾತ್ರ ಇಟ್ಟುಕೊಂಡೆವು.

ಪೆಟ್ಟಿಗೆ ಮತ್ತು ಡೆಡ್ ಸ್ಟಾಕ್

ರಿಪೇರಿಗಿಂತ ಜಾಸ್ತಿ ತಲೆ ತಿಂದದ್ದು ಲೆಕ್ಕಪತ್ರ. ನಮ್ಮ ಹತ್ತಿರ ಮಿಕ್ಕಿದ್ದ ಒಂದು ಎಸ್‌ಎಂಪಿಎಸ್ ಸರ್ಕಾರಿ ಕಾಲೇಜಿನ ಸಿಸ್ಟಮ್‌ಗೆ ಹಾಕಿದೆವು. ಆಫೀಸ್ ಸೂಪರಿಂಟೆಂಡೆಂಟ್ ಕೇಳಿದರು, "ಸರ್, ಇದು ನಮ್ಮ ಡೆಡ್ ಸ್ಟಾಕ್ ರಿಜಿಸ್ಟರ್‌ನಲ್ಲಿದೆ. ವೆರಿಫಿಕೇಶನ್‌ಗೆ ಬಂದಾಗ ಎಲ್ಲಿ ತೋರಿಸ್ಲಿ?" ಕಾಲೇಜಿನ ಬಾಳಿಕೆ ಬರುವ ಸಾಮಾನು ಬರೆದಿಡುವ ರಿಜಿಸ್ಟರ್ ಅದು. ಅವರು ಕೇಳಿದ್ದು ಸರಿಯೇ. ನಾಳೆ ವಸೂಲಿ ಬಂದರೆ ಅವರ ಪಿಂಚಣಿಯಿಂದ ಹೋಗುತ್ತದೆ. ಇಂಥ ಹೊತ್ತಿನಲ್ಲಿ ಆಫೀಸಿನವರನ್ನು ಅಡ್ಡಗಾಲು ಅನ್ನುವ ಮೇಷ್ಟ್ರುಗಳನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಅವರ ಸಹಿ, ಅವರ ಭಯ.

ದಾರಿ ತೋರಿಸಿದ್ದೂ ಅವರೇ. ಬಳಸಿ ಮುಗಿಯುವ ಸಾಮಾನಿಗೆ ಬೇರೆ ರಿಜಿಸ್ಟರ್ ಇದೆ. ಬ್ಯಾಟರಿ, ಕನೆಕ್ಟರ್, ಕೇಬಲ್, ಮೌಸ್, ಲ್ಯಾನ್ ಕಾರ್ಡ್, ಇವೆಲ್ಲ ಅದಕ್ಕೆ ಹೋಗುತ್ತವೆ. ಸಿಸ್ಟಮ್, ಮಾನಿಟರ್, ಪ್ರೊಜೆಕ್ಟರ್ ಮಾತ್ರ ಡೆಡ್ ಸ್ಟಾಕ್. ಹಾಗಾಗಿ ನಾವು ಯಂತ್ರ ಸಾಲ ಕೊಡುವುದನ್ನು ಬಿಟ್ಟೆವು. ಸಾಮಾನಿನ ಒಂದು ಪೆಟ್ಟಿಗೆ ಮಾಡಿದೆವು. ಕ್ರಿಂಪಿಂಗ್ ಟೂಲ್, ಕೇಬಲ್ ಟೆಸ್ಟರ್, ಎರಡು ಎಸ್‌ಎಂಪಿಎಸ್, ನಾಲ್ಕು ರ್‍ಯಾಮ್, ಲ್ಯಾನ್ ಕಾರ್ಡ್, ಬ್ಯಾಟರಿ ಪಟ್ಟಿ, ಎಚ್‌ಡಿಎಂಐಯಿಂದ ವಿಜಿಎಗೆ ಬದಲಾಯಿಸುವ ಕನ್ವರ್ಟರ್, ಬೂಟ್ ಆಗುವ ಪೆನ್‌ಡ್ರೈವ್. ಮೊದಲ ಸಲ ಮೇಷ್ಟ್ರುಗಳೇ ಕೈಯಿಂದ ಹಾಕಿಕೊಂಡು ತಂದೆವು. ಪೆಟ್ಟಿಗೆ ಯಾವ ಕಾಲೇಜಿನದ್ದೂ ಅಲ್ಲ, ಹಾಗಾಗಿ ಯಾವ ರಿಜಿಸ್ಟರ್‌ನಲ್ಲೂ ಇಲ್ಲ. ಅದರಿಂದ ಒಂದು ವಸ್ತು ಬಳಸಿದ ಕಾಲೇಜು ಅಂಥದ್ದೇ ಹೊಸದನ್ನು ಕೊಂಡು, ತನ್ನ ಬಳಕೆ ಸಾಮಾನಿನ ರಿಜಿಸ್ಟರ್‌ನಲ್ಲಿ ಬರೆದು, ಪೆಟ್ಟಿಗೆಗೆ ಹಾಕಬೇಕು.

ಪೆಟ್ಟಿಗೆ ಒಂದು ಊರಿನಿಂದ ಇನ್ನೊಂದಕ್ಕೆ ಹೋಗುವುದು ಖಾಸಗಿ ಬಸ್ಸಿನಲ್ಲಿ. ಬೆಳಿಗ್ಗೆ ಎಂಟೂವರೆಯ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟು ಫೋನ್ ಮಾಡಿದರೆ ಹತ್ತು ಗಂಟೆಗೆ ಆ ಕಾಲೇಜಿನ ಅಟೆಂಡರ್ ಬಸ್ ಸ್ಟ್ಯಾಂಡಿನಲ್ಲಿ ಇಳಿಸಿಕೊಳ್ಳುತ್ತಾರೆ. ನಮ್ಮ ಕಡೆ ಔಷಧಿ, ಮದುವೆ ಕಾರ್ಡು, ಟಿಲ್ಲರ್ ಬಿಡಿಭಾಗ ಎಲ್ಲ ಹೀಗೇ ಓಡಾಡುತ್ತವೆ.

ವಾರಂಟಿ ಇರುವ ಸಿಸ್ಟಮ್ ಮಾತ್ರ ಯಾರೂ ಬಿಚ್ಚಬಾರದು ಅಂತ ಮಾಡಿದೆವು. ಸರ್ಕಾರಿ ಕಾಲೇಜಿನ ಹೊಸ ಸಿಸ್ಟಮ್‌ಗಳಿಗೆ ನಾವು ಮಾಡಿದ ಸಹಾಯವೆಲ್ಲ ದೂರು ಬರೆದುಕೊಟ್ಟದ್ದು. ಸೀರಿಯಲ್ ನಂಬರ್, ಫೋಟೋ, ಕಂಡದ್ದೇನು ಅಂತ ಎರಡು ಸಾಲು. "ಸಿಸ್ಟಮ್ ಕೆಟ್ಟಿದೆ" ಅಂದಾಗ ವಾರಗಟ್ಟಲೆ ಬಾರದವರು ಹೀಗೆ ಬರೆದಾಗ ಸರಿಯಾದ ಬಿಡಿಭಾಗ ಹಿಡಿದುಕೊಂಡೇ ಬಂದರು.

ಇದಕ್ಕೆಲ್ಲ ಮೂವರು ಪ್ರಿನ್ಸಿಪಾಲರ ಒಪ್ಪಿಗೆ ಬೇಕಿತ್ತು. ಒಂದು ವರ್ಷ ಸಿಗಲಿಲ್ಲ. ಆಮೇಲೆ ಯಾರೋ ನೆನಪಿಸಿದರು. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆಯ ಮೌಲ್ಯಮಾಪನದಲ್ಲಿ ಬೇರೆ ಸಂಸ್ಥೆಗಳ ಜೊತೆಗಿನ ಒಡಂಬಡಿಕೆಗೆ ಅಂಕ ಇದೆ. ಒಂದು ವಾರದಲ್ಲಿ ಮೂರು ಸಹಿ ಬಿತ್ತು, ಫೋಟೋ ತೆಗೆದದ್ದೂ ಆಯಿತು. ನಗಬೇಡಿ. ಆ ಕಾಗದ ಇದ್ದದ್ದರಿಂದಲೇ ಮುಂದೆ ನಮಗೆ ಓಓಡಿ (ಹೊರಗಿನ ಕೆಲಸವನ್ನೂ ಕರ್ತವ್ಯ ಅಂತ ಲೆಕ್ಕ ಹಾಕುವ ಅನುಮತಿ) ಸಿಕ್ಕಿತು, ತಿಂಗಳಿಗೆ ಒಂದು ಬುಧವಾರ ಇನ್ನೊಂದು ಕಾಲೇಜಿಗೆ ಹೋಗಿ ಬರಲು ಆಯಿತು.

ನೀಲಿ ಪರದೆಯ ಮೋಹ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಇಂಟೆಲ್ ಆದರೆ ಎಂಟನೇ ತಲೆಮಾರಿನ ಪ್ರೊಸೆಸರ್ ಅಥವಾ ಅದಕ್ಕಿಂತ ಹೊಸದು. ನಮ್ಮದೂ ಮಹಿಳಾ ಕಾಲೇಜಿನದ್ದೂ ಅದಕ್ಕೆ ಲಾಯಕ್ಕಿಲ್ಲದ ಸಿಸ್ಟಮ್‌ಗಳು. ಇದು ಬರುತ್ತದೆ ಅಂತ ಮೊದಲೇ ಗೊತ್ತಿದ್ದರಿಂದ 2024ರಲ್ಲೇ ವಿಂಡೋಸ್ ಬಿಟ್ಟು, ಉಚಿತವಾಗಿ ಸಿಗುವ ಲಿನಕ್ಸ್‌ನ ಒಂದು ಬಗೆಯಾದ ಉಬುಂಟು 22.04ಕ್ಕೆ ಬದಲಾದೆವು. ಅದಕ್ಕೆ ಭದ್ರತಾ ಅಪ್‌ಡೇಟ್ 2027ರವರೆಗೆ ಇದೆ. ಒಂದು ಸಿಸ್ಟಮ್‌ನಲ್ಲಿ ಬೇಕಾದ್ದನ್ನೆಲ್ಲ ಹಾಕಿ, ಕ್ಲೋನ್‌ಜಿಲ್ಲಾ ಎಂಬ ಸಾಫ್ಟ್‌ವೇರ್‌ನಿಂದ ಅದರ ಅಚ್ಚು ತೆಗೆದು, ಉಳಿದವಕ್ಕೆ ಒತ್ತಿದೆವು. ಹಳೆಯ ಹಾರ್ಡ್ ಡಿಸ್ಕ್ ಬದಲು ಅದಕ್ಕಿಂತ ವೇಗದ ಎಸ್‌ಎಸ್‌ಡಿ ಹಾಕಿದ ಸಿಸ್ಟಮ್‌ಗಳನ್ನು ನೋಡಿ ಮಕ್ಕಳು ಹೊಸ ಕಂಪ್ಯೂಟರ್ ಬಂದಿದೆ ಅಂದುಕೊಂಡರು. ಕೈಯಲ್ಲಿ ಸ್ವಲ್ಪವೇ ದುಡ್ಡಿದ್ದರೆ ಹಳೆಯ ಲ್ಯಾಬಿಗೆ ಇದೊಂದನ್ನು ಮಾಡಿ.

ಅಡ್ಡ ಬಂದದ್ದು ಯಂತ್ರವಲ್ಲ, ಸಿ ಪ್ರೋಗ್ರಾಂ ಬರೆದು ಓಡಿಸುವ ಟರ್ಬೋ ಸಿ ಎಂಬ ಸಾಫ್ಟ್‌ವೇರ್. ಮೂವತ್ತು ವರ್ಷ ಹಳೆಯ ಆ ನೀಲಿ ಪರದೆ ನಮ್ಮ ಕಾಲೇಜುಗಳಲ್ಲಿ ಇನ್ನೂ ಜೀವಂತ. ಕೋನಿಯೋ ಡಾಟ್ ಎಚ್ ಸೇರಿಸಿ, ಕ್ಲಿಯರ್ ಸ್ಕ್ರೀನ್ ಬರೆದು, ಕೊನೆಗೆ ಗೆಟ್‌ಸಿಎಚ್ ಹಾಕಿದರೇನೇ ಅದು ಸಿ ಪ್ರೋಗ್ರಾಂ ಅಂತ ನಂಬಿದವರು ಇದ್ದಾರೆ. ಲಿನಕ್ಸ್‌ನಲ್ಲಿ ಅದೇ ಕೆಲಸ ಮಾಡುವ ಜಿಸಿಸಿಯಲ್ಲಿ ಆ ಕೋನಿಯೋ ಇಲ್ಲವೇ ಇಲ್ಲ. ಎಕ್ಸ್‌ಟರ್ನಲ್ ಒಬ್ಬರು ಮಕ್ಕಳ ಪ್ರೋಗ್ರಾಂ ಸರಿಯಾಗಿ ಓಡಿದರೂ ನೀಲಿ ಪರದೆ ಕಾಣುತ್ತಿಲ್ಲ ಅಂತ ಮುಖ ಸಿಂಡರಿಸಿದರು. ಅವರನ್ನು ದೂರಿ ಫಲವಿಲ್ಲ, ನಾವೂ ಅದರಲ್ಲೇ ಕಲಿತವರು. ಮೂರೂ ಕಾಲೇಜಿನವರು ಕೂತು ಲ್ಯಾಬ್ ಮ್ಯಾನ್ಯುಯಲ್ಲಿನ ಪ್ರೋಗ್ರಾಂಗಳನ್ನೆಲ್ಲ ಹೊಸದಾಗಿ ಬರೆದೆವು. ಹಳೆಯದ್ದೇ ಬೇಕು ಅನ್ನುವವರಿಗೆ ಹಳೆಯ ಡಾಸ್ ಪ್ರೋಗ್ರಾಂ ಓಡಿಸಿಕೊಡುವ ಡಾಸ್‌ಬಾಕ್ಸ್ ಒಳಗೆ ಟರ್ಬೋ ಸಿ ಇಟ್ಟೆವು.

ಬಿಕಾಂಗೆ ಮಾತ್ರ ವಿಂಡೋಸ್ ಬಿಡಲು ಆಗಲಿಲ್ಲ. ಲೆಕ್ಕಪತ್ರದ ಸಾಫ್ಟ್‌ವೇರ್ ಟ್ಯಾಲಿ ಓಡುವುದು ಅದರಲ್ಲೇ. ಲೈಸೆನ್ಸ್ ಇಲ್ಲದ ಎಜುಕೇಷನ್ ಮೋಡ್‌ನಲ್ಲಿ ತಿಂಗಳ 1, 2 ಮತ್ತು 31ನೇ ತಾರೀಕಿಗೆ ಮಾತ್ರ ವೋಚರ್ ಹಾಕಬಹುದು. ನಮ್ಮ ಮಕ್ಕಳ ಲೆಕ್ಕದ ಪ್ರಪಂಚದಲ್ಲಿ ಎಲ್ಲ ವ್ಯಾಪಾರವೂ ಒಂದನೇ ತಾರೀಕಿಗೇ ನಡೆಯುತ್ತದೆ. ಒಂದು ಸಾಲು ಸಿಸ್ಟಮ್‌ಗಳನ್ನು ವಿಂಡೋಸ್‌ನಲ್ಲೇ ಇಟ್ಟು, ಅವಕ್ಕೆ ಇಂಟರ್ನೆಟ್ ಕಿತ್ತೆವು.

ಕ್ಲಾಸ್‌ರೂಮ್ ಪ್ರೊಜೆಕ್ಟರ್ ಬಗ್ಗೆ ಹೇಳಲು ಜಾಸ್ತಿ ಇಲ್ಲ. ಅರ್ಧಕ್ಕರ್ಧ ದೂರುಗಳು ಟೇಬಲ್ ಮೇಲೆ ಒಂದು ಕಾಗದ ಅಂಟಿಸಿದ ಮೇಲೆ ನಿಂತವು: ವಿಂಡೋಸ್ ಕೀ ಜೊತೆ ಪಿ ಒತ್ತಿ, ಮುಗಿದ ಮೇಲೆ ರಿಮೋಟ್‌ನಲ್ಲಿ ಆಫ್ ಮಾಡಿ, ಫ್ಯಾನ್ ಶಬ್ದ ನಿಲ್ಲುವವರೆಗೆ ಗೋಡೆಯ ಸ್ವಿಚ್ ಮುಟ್ಟಬೇಡಿ.

ಬಿಳಿ ಕಿತ್ತಳೆ, ಕಿತ್ತಳೆ, ಬಿಳಿ ಹಸಿರು

ಕೇರಳದಲ್ಲಿ ಐಟಿ ಅಟ್ ಸ್ಕೂಲ್ ಯೋಜನೆ 2001ರಲ್ಲಿ ಶುರುವಾಯಿತು. ಅದೇ ಈಗಿನ ಕೈಟ್ ಸಂಸ್ಥೆ. ಅಲ್ಲಿನ ಹೈಸ್ಕೂಲುಗಳಲ್ಲಿ 2018ರಿಂದ 'ಲಿಟಲ್ ಕೈಟ್ಸ್' ಅಂತ ಮಕ್ಕಳ ಐಟಿ ಕ್ಲಬ್ಬುಗಳಿವೆ. ಶಾಲೆಯ ಯಂತ್ರಗಳನ್ನು ನೋಡಿಕೊಳ್ಳುವುದರಲ್ಲೂ ಮಕ್ಕಳು ಕೈಜೋಡಿಸುತ್ತಾರೆ. ಹೈಸ್ಕೂಲ್ ಮಕ್ಕಳಿಗೆ ಆಗುವುದು ನಮ್ಮ ಡಿಗ್ರಿ ಮಕ್ಕಳಿಗೆ ಆಗುವುದಿಲ್ಲವಾ? ಒಂದೊಂದು ಕಾಲೇಜಿನಿಂದ ನಾಲ್ಕು ಮಕ್ಕಳನ್ನು ಆರಿಸಿದೆವು. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್‌ಗಳು ಕನ್ನಡದಲ್ಲೂ ಇವೆ. ಒಂದೊಂದು ಹತ್ತು ನಿಮಿಷದ ಆಸುಪಾಸು. ಅವನ್ನು ಇಳಿಸಿಕೊಂಡು ನೆಟ್ ಇಲ್ಲದೆಯೂ ತೋರಿಸಿದೆವು.

ಕೇಬಲ್ ತುದಿಗೆ ಕನೆಕ್ಟರ್ ಹಾಕುವುದರಲ್ಲಿ ನಮ್ಮಲ್ಲಿ ಎಲ್ಲರನ್ನೂ ಮೀರಿಸಿದವಳು ಬಿಎ ಕನ್ನಡ ಐಚ್ಛಿಕದ ಹುಡುಗಿ. ಎಂಟು ಎಳೆಗಳ ಬಣ್ಣವನ್ನು ಮಗ್ಗಿ ಹೇಳಿದ ಹಾಗೆ ಹೇಳುತ್ತಾಳೆ: ಬಿಳಿ ಕಿತ್ತಳೆ, ಕಿತ್ತಳೆ, ಬಿಳಿ ಹಸಿರು, ನೀಲಿ, ಬಿಳಿ ನೀಲಿ, ಹಸಿರು, ಬಿಳಿ ಕಂದು, ಕಂದು. ಬಿಸಿಎ ಹುಡುಗರು ಅವಳ ಬಾಯಿಂದಲೇ ಕಲಿತರು. ಎಡವಟ್ಟೂ ಆಗಿದೆ. ಅಡ್ಮಿನ್ ಪಾಸ್‌ವರ್ಡ್ ಕೊಟ್ಟ ಒಂದೇ ವಾರದಲ್ಲಿ ಆರು ಸಿಸ್ಟಮ್‌ಗಳಲ್ಲಿ ಕಾರ್ ರೇಸ್ ಗೇಮ್ ಬಂದು ಕೂತಿತ್ತು. ಪಾಸ್‌ವರ್ಡ್ ಬದಲಾಯಿಸಿದೆವು. ಗೇಮನ್ನು ಮಾತ್ರ ಒಂದು ಸಿಸ್ಟಮ್‌ನಲ್ಲಿ ಬಿಟ್ಟೆವು, ಮಕ್ಕಳಲ್ವಾ.

ಕೈಕೊಟ್ಟವು

ದೂರದಿಂದಲೇ ಪರದೆ ನೋಡಿ ಸರಿಮಾಡುವ ಸಾಫ್ಟ್‌ವೇರ್ ಹಾಕಿದ್ದೆವು. ಅದು ಬೇಕಾಗುವುದೇ ನೆಟ್ ಕೆಟ್ಟಾಗ. ನೆಟ್ ಕೆಟ್ಟಾಗ ಅದೂ ಇಲ್ಲ. ಫೋನ್‌ನಲ್ಲಿ ವಿಡಿಯೋ ಕಾಲ್ ಮಾಡಿ ಕೇಬಲ್ ತೋರಿಸುವುದೇ ಮೇಲಾಯಿತು.

ಸರ್ಕಾರಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕರು ಬದಲಾದ ವರ್ಷ ಮೂರು ತಿಂಗಳು ರಿಜಿಸ್ಟರ್ ಖಾಲಿ. ಹೊಸಬರಿಗೆ ಅದು ಇದೆ ಅಂತಲೇ ಗೊತ್ತಿರಲಿಲ್ಲ. ಬೀರುವಿನೊಳಗೆ ಯಾರೋ ಜೋಪಾನವಾಗಿ ಎತ್ತಿಟ್ಟಿದ್ದರು. ಈಗ ಅದನ್ನು ಬಾಗಿಲಿಗೆ ಮೊಳೆ ಹೊಡೆದು ನೇತುಹಾಕಿದ್ದೇವೆ.

ಮೇಡಂ 2025ರ ಜೂನ್‌ನಲ್ಲಿ ಕೆಲಸ ಬಿಟ್ಟು ಬೆಂಗಳೂರಿಗೆ ಹೋದರು. ಇಲ್ಲಿ ಸಿಗುತ್ತಿದ್ದ ಸಂಬಳಕ್ಕೆ ಅವರು ಅಷ್ಟು ವರ್ಷ ಇದ್ದದ್ದೇ ಹೆಚ್ಚು. ಮಹಿಳಾ ಕಾಲೇಜಿನಲ್ಲಿ ಆ ಜಾಗಕ್ಕೆ ಇನ್ನೂ ಯಾರೂ ಬಂದಿಲ್ಲ. ಅಲ್ಲಿ ಈಗ ರಿಜಿಸ್ಟರ್ ಬರೆಯುವುದು ಅಂತಿಮ ವರ್ಷದ ಇಬ್ಬರು ಹುಡುಗಿಯರು. ಗಡಿಯಾರದ ಮೂಲೆ ನೋಡಿದ್ದಳಲ್ಲ, ಅವರಲ್ಲಿ ಅವಳೂ ಒಬ್ಬಳು.

ಸಿಡಿಲಿಗೆ ಸತ್ತ ನಮ್ಮ ಆ ಎರಡು ಸಿಸ್ಟಮ್‌ಗಳು ಲ್ಯಾಬಿನ ಮೂಲೆಯಲ್ಲೇ ಇವೆ. ರೈಟ್ ಆಫ್ ಮಾಡಲು, ಅಂದರೆ ಲೆಕ್ಕದಿಂದ ತೆಗೆಯಲು ಬರೆದ ಪತ್ರಕ್ಕೆ ಉತ್ತರ ಬಂದಿಲ್ಲ. ಹಾಗಾಗಿ ಡೆಡ್ ಸ್ಟಾಕ್ ರಿಜಿಸ್ಟರ್ ಪ್ರಕಾರ ನಮ್ಮಲ್ಲಿ ಇವತ್ತಿಗೂ 26 ಸಿಸ್ಟಮ್. ನ್ಯಾಕ್‌ಗೆ ಎಷ್ಟು ಮಕ್ಕಳಿಗೆ ಒಂದು ಕಂಪ್ಯೂಟರ್ ಅಂತ ಲೆಕ್ಕ ಕೊಡುವಾಗ ಆಫೀಸಿನವರು ಅವೆರಡನ್ನೂ ಸೇರಿಸಿಯೇ ಭಾಗಿಸುತ್ತಾರೆ.